ಹೆಸರಿಲ್ಲದ ಪಟ್ಟಿಯೂ ಗುಟ್ಟು ಹೇಳೀತು!

ಮಕ್ಕಳೇ, ಜನಗಣತಿ ಎಂದರೆ ನಿಮಗೆ ಗೊತ್ತಲ್ಲವೇ? ಮನೆಯಲ್ಲಿ ಎಷ್ಟು ಜನ, ಯಾರಿಗೆ ಎಷ್ಟು ವಯಸ್ಸು, ಶೌಚಾಲಯ ಇದೆಯೇ ಎಂದೆಲ್ಲ ಗಣತಿದಾರರು ಕೇಳಿ ಬರೆದುಕೊಳ್ಳುತ್ತಾರೆ. ಎಷ್ಟೋ ಕಡೆ ನಿಮ್ಮ ಮೇಷ್ಟರೇ ಗಣತಿದಾರರು! 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6,10,95,297. ಈ ಸಂಖ್ಯೆಯನ್ನು ಯಾರು ಬೇಕಾದರೂ ನೋಡಬಹುದು. ಆದರೆ ನಿಮ್ಮ ಮನೆಯವರು ಕೊಟ್ಟ ಉತ್ತರವನ್ನು ನೋಡುವಂತಿಲ್ಲ. ಗಣತಿಯ ದಾಖಲೆಗಳನ್ನು ತೆರೆದು ನೋಡುವ ಹಕ್ಕು ಯಾರಿಗೂ ಇಲ್ಲವೆಂದು 1948ರ ಜನಗಣತಿ ಕಾಯಿದೆಯ 15ನೆಯ ಕಲಂ ಹೇಳುತ್ತದೆ. ಆಸ್ತಿ ವ್ಯಾಜ್ಯದಲ್ಲಿ ಅವನ್ನು ಸಾಕ್ಷ್ಯವಾಗಿ ತರುವಂತೆಯೂ ಇಲ್ಲ. (ಗಂಡನ ಹೆಸರು ಹೇಳದ ಅಜ್ಜಿಯಂದಿರು ನಿಮ್ಮೂರಿನಲ್ಲೂ ಇರಬಹುದು. ಸಂಪ್ರದಾಯದಂತೆ ಹೆಸರು ಹೇಳದವರು ಅದನ್ನು ಹೇಳಲೇಬೇಕೆಂದಿಲ್ಲ ಎಂಬುದೂ ಇದೇ ಕಾಯಿದೆಯಲ್ಲಿದೆ!)

ಏಕಿಷ್ಟು ಬಿಗಿ? ಗುಟ್ಟು ಹೊರಬೀಳುವ ಭಯವಿದ್ದರೆ ಜನ ನಿಜ ಹೇಳುವುದಿಲ್ಲ. ಸುಳ್ಳು ಲೆಕ್ಕ ನಂಬಿಕೊಂಡು ಎಲ್ಲಿ ಶಾಲೆ ಬೇಕು, ಎಲ್ಲಿ ಆಸ್ಪತ್ರೆ ಬೇಕು ಎಂದು ತೀರ್ಮಾನಿಸಲಾದೀತೇ?

ಹಾಗಾದರೆ ಹೆಸರು ತೆಗೆದು ಬರೀ ಸಂಖ್ಯೆ ಪ್ರಕಟಿಸಿದರೆ ಸಾಕಲ್ಲವೇ? ಸಾಲದು. ನಿಮ್ಮ ತರಗತಿಯಲ್ಲಿ 31 ಮಕ್ಕಳಿದ್ದಾರೆ ಎಂದುಕೊಳ್ಳಿ. ಸೋಮವಾರ ಗೋಡೆಗೆ ಒಂದು ಪಟ್ಟಿ ಅಂಟಿಸಿದರು: 'ಮನೆಯಲ್ಲಿ ಶೌಚಾಲಯ ಇಲ್ಲದವರು 5'. ಯಾರ ಹೆಸರೂ ಇಲ್ಲ. ಮಂಗಳವಾರ ಬೇರೆ ಊರಿನಿಂದ ಒಬ್ಬ ಹುಡುಗಿ ಬಂದು ಸೇರಿದಳು. ಬುಧವಾರ ಹೊಸ ಪಟ್ಟಿ ಬಂತು: 'ಇಲ್ಲದವರು 6'. ಒಂದೇ ಒಂದು ಕಳೆಯುವ ಲೆಕ್ಕ! ಹುಡುಗಿ ಬಾಯಿ ಬಿಡದಿದ್ದರೂ ಅವಳ ಮನೆಯ ವಿಷಯ ತರಗತಿಗೆಲ್ಲ ತಿಳಿಯಿತು. ಒಂದೊಂದೇ ಪಟ್ಟಿಯಿಂದ ತೊಂದರೆಯಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ಅಪಾಯ.

ಇದಕ್ಕೆ ನ್ಯೂಜಿಲೆಂಡ್ ದೇಶದ ಗಣತಿಯಲ್ಲಿ ಒಂದು ಉಪಾಯ ಬಳಸುತ್ತಾರೆ. ಎಣಿಕೆಯನ್ನು ಹಾಗೇ ಅಚ್ಚು ಹಾಕದೆ, ಹತ್ತಿರದಲ್ಲಿರುವ 3ರ ಮಗ್ಗಿಯ ಸಂಖ್ಯೆಗೆ ಬದಲಿಸುತ್ತಾರೆ. ಮೇಲಕ್ಕೋ ಕೆಳಕ್ಕೋ ಎಂಬುದು ಅದೃಷ್ಟಕ್ಕೆ ಬಿಟ್ಟದ್ದು. ನೀವೂ ಹಾವು-ಏಣಿ ಆಟದ ದಾಳ ಹಿಡಿದು ಮಾಡಿ ನೋಡಿ. ಎಣಿಕೆ 5 ಇದೆ. ದಾಳದಲ್ಲಿ 1ರಿಂದ 4 ಬಿದ್ದರೆ 6 ಎಂದು ಬರೆಯಿರಿ. 5 ಅಥವಾ 6 ಬಿದ್ದರೆ 3 ಎಂದು ಬರೆಯಿರಿ. (5ಕ್ಕೆ 6 ಹೆಚ್ಚು ಹತ್ತಿರ, ಅದಕ್ಕೇ ಅದಕ್ಕೆ ಹೆಚ್ಚು ಅವಕಾಶ.) 6 ಮಗ್ಗಿಯಲ್ಲೇ ಇರುವುದರಿಂದ ಬದಲಾಗುವುದಿಲ್ಲ. ಈಗ ಸೋಮವಾರದ ಪಟ್ಟಿಯಲ್ಲಿ 6, ಬುಧವಾರದ ಪಟ್ಟಿಯಲ್ಲೂ 6 ಬರಬಹುದು. ಕಳೆದರೆ ಸೊನ್ನೆ! ಸೋಮವಾರ 3 ಬಂದಿದ್ದರೂ, ಅದು ಹುಡುಗಿಯಿಂದ ಆದ ವ್ಯತ್ಯಾಸವೋ ದಾಳದ ಆಟವೋ ಎಂದು ಹೇಳಲಾಗದು.

ಒಟ್ಟು ಮೊತ್ತವನ್ನೂ ಬೇರೆಯಾಗಿಯೇ ಹೀಗೆ ಬದಲಿಸುವುದರಿಂದ, ಆ ದೇಶದ ಕೋಷ್ಟಕಗಳಲ್ಲಿ ಗಂಡಸರು, ಹೆಂಗಸರು ಕೂಡಿದರೆ ಮೊತ್ತಕ್ಕೆ ಸರಿಹೊಂದದೇ ಇರಬಹುದು. ಅದು ಅಚ್ಚಿನ ತಪ್ಪಲ್ಲ!