ಯೂ ನೆಸ್ಬೊ

ನಾರ್ವೆ ದೇಶದ ಕಾದಂಬರಿಕಾರರೂ ಗಾಯಕರೂ ಆದ ಯೂ ನೆಸ್ಬೊ 1960ರಲ್ಲಿ ಆಸ್ಲೊ ನಗರದಲ್ಲಿ ಜನಿಸಿದರು. ಬೆಳೆದದ್ದು ಮೋಲ್ಡೆ ಎಂಬ ಕಡಲತೀರದ ಪಟ್ಟಣದಲ್ಲಿ. ಹದಿಹರೆಯದಲ್ಲಿಯೇ ಮೋಲ್ಡೆ ತಂಡದ ಪರವಾಗಿ ಕಾಲ್ಚೆಂಡಾಟವಾಡಿದ ಅವರಿಗೆ ಅದೇ ಬಾಳಿನ ಹಂಬಲವಾಗಿತ್ತು. ಮೊಣಕಾಲಿನ ಅಸ್ಥಿಬಂಧಗಳು ಹರಿದು ಆ ಹಂಬಲ ಕಮರಿತು. ಮುಂದೆ ಅರ್ಥಶಾಸ್ತ್ರವನ್ನು ಓದಿ, ಹಗಲು ಷೇರು ದಲ್ಲಾಳಿಯಾಗಿ ದುಡಿದು, ರಾತ್ರಿ ‘ಡಿ ಡೆರ್ರೆ’ ವಾದ್ಯವೃಂದದೊಡನೆ ಹಾಡಿದರು. ಹಾಡು ಕಟ್ಟುತ್ತಿದ್ದವರೂ ಅವರೇ. ಈ ಎರಡು ದುಡಿಮೆಗಳಿಂದ ಬಳಲಿ, ಬಿಡುವು ಪಡೆದು ಆಸ್ಟ್ರೇಲಿಯಕ್ಕೆ ಹೋದಾಗ ಮೊದಲ ಕಾದಂಬರಿ ರೂಪುಗೊಂಡಿತು. 1997ರಲ್ಲಿ ಪ್ರಕಟವಾದ ಆ ಪತ್ತೇದಾರಿ ಕೃತಿಗೆ ರಿವರ್ಟನ್ ಪ್ರಶಸ್ತಿ ದೊರೆಯಿತು.

ಪತ್ತೇದಾರಿ ಕಥೆಯೆಂದರೆ ಮೂಗು ಮುರಿಯುವವರುಂಟು. ಅಂಥವರು 2000ದಲ್ಲಿ ಬಂದ ‘ರೋಡ್‌ಸ್ಟ್ರೂಪೆ’ ಕಾದಂಬರಿಯನ್ನು ಓದಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯು ನಾರ್ವೆಯನ್ನು ಆಕ್ರಮಿಸಿದಾಗ ನೆಸ್ಬೊ ಅವರ ತಾಯಿಯ ಮನೆಯವರು ಆಕ್ರಮಣಕಾರರ ವಿರುದ್ಧ ಹೋರಾಡಿದರು. ತಂದೆಯಾದರೋ ಜರ್ಮನರ ಪಡೆಯನ್ನು ಸೇರಿ ಲೆನಿನ್‌ಗ್ರಾಡಿನ ರಣರಂಗದಲ್ಲಿ ಕಾದಿದ್ದರು. ತಾನು ಅಕ್ಕರೆಯಿಂದ ಕಾಣುತ್ತಿದ್ದ ತಂದೆಯ ಈ ಪೂರ್ವಕಥೆ ತಿಳಿದಾಗ ಮಗನಿಗೆ 15 ವರ್ಷ. ಹೆಚ್ಚುಕಡಿಮೆ ನಿಮ್ಮದೇ ವಯಸ್ಸು! ಆ ಆಘಾತವೇ ಬಹುಕಾಲದ ನಂತರ ಈ ಕಾದಂಬರಿಗೆ ಬೀಜವಾಯಿತು. ತಪ್ಪು ಪಕ್ಷವನ್ನು ಹಿಡಿದ ಸೈನಿಕರನ್ನು ಅದು ಹೊಗಳುವುದಿಲ್ಲ. ಹಿಮದ ಕಂದಕಗಳಲ್ಲಿ ಕುಳಿತ ಅವರ ಚಳಿಯನ್ನೂ ಅಂಜಿಕೆಯನ್ನೂ ಮರೆಮಾಚುವುದೂ ಇಲ್ಲ.