ಕುದುರೆಯ ವರ್ಷ, ಪರಾಭವ ಸಂವತ್ಸರ

ಕಳೆದ ಫೆಬ್ರವರಿ 17ರಂದು ಚೀನೀಯರ ಹೊಸವರ್ಷ ಆರಂಭವಾಯಿತು. ಅವರ ಎಣಿಕೆಯಲ್ಲಿ ಅದು ಕುದುರೆಯ ವರ್ಷ. ಆ ವಾರ ನಮ್ಮ ಎಂಟನೆಯ ತರಗತಿಯ ಕನ್ನಡ ಮಾಧ್ಯಮದ ಮಕ್ಕಳಲ್ಲಿ ದೊಡ್ಡ ಚರ್ಚೆ ನಡೆಯಿತು. ಮನೆಯವರ ಮೊಬೈಲಿನಲ್ಲಿ ಬಂದ ವಿಡಿಯೋಗಳಿಂದ ಅವರು ತಮ್ಮ ತಮ್ಮ ಪ್ರಾಣಿಯನ್ನು ಕಂಡುಕೊಂಡಿದ್ದರು. ಕೆಲವರು ಡ್ರ್ಯಾಗನ್, ಕೆಲವರು ಹಾವು. ಹಾವಿನವರಿಗೆ ಈ ವರ್ಷ ಹಣವುಂಟೆಂದೂ ಡ್ರ್ಯಾಗನ್‌ನವರು ಜಾಗ್ರತೆಯಿಂದ ಇರಬೇಕೆಂದೂ ಒಬ್ಬಳು ಉಳಿದವರಿಗೆ ವಿವರಿಸುತ್ತಿದ್ದಳು. ನಾವು ಗದರಿಸಲಿಲ್ಲ. "ಹಾಗಾದರೆ ನಮ್ಮಲ್ಲಿ ಈಗ ನಡೆಯುತ್ತಿರುವ ಸಂವತ್ಸರದ ಹೆಸರೇನು?" ಎಂದು ಕೇಳಿದೆವು. ಒಬ್ಬ ಹುಡುಗ "2026" ಎಂದ. ಇನ್ನೊಬ್ಬಳು ಗೋಡೆಯ ಕ್ಯಾಲೆಂಡರನ್ನು ನೆನಪಿಸಿಕೊಂಡು "ಕೊಲ್ಲವರ್ಷ 1201" ಎಂದಳು. ಎರಡೂ ತಪ್ಪು ಉತ್ತರಗಳಲ್ಲ. ಆದರೆ "ವಿಶ್ವಾವಸು" ಎಂಬ ಹೆಸರು ಆ ಕೋಣೆಯಲ್ಲಿ ಯಾರ ಬಾಯಿಯಿಂದಲೂ ಬರಲಿಲ್ಲ.

ಅಂದು ಮಕ್ಕಳಿಗೆ ಹೇಳಿದ್ದನ್ನೂ, ಅವರಿಗೆ ಹೇಳದೆ ಉಳಿಸಿಕೊಂಡ ಒಂದೆರಡು ಮಾತುಗಳನ್ನೂ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಚೀನಾದ ವರ್ಷ ನಮ್ಮ ಚಾಂದ್ರಮಾನದಂತೆಯೇ ಚಂದ್ರನನ್ನೂ ಸೂರ್ಯನನ್ನೂ ಜೊತೆಗಿರಿಸಿಕೊಂಡು ಸಾಗುವಂಥದು. ಅಮಾವಾಸ್ಯೆಯ ದಿನದಿಂದ ತಿಂಗಳು ಆರಂಭ. ಡಿಸೆಂಬರಿನಲ್ಲಿ ಹಗಲು ಅತಿ ಕಿರಿದಾಗುವ ದಿನ ಕಳೆದು ಸಾಮಾನ್ಯವಾಗಿ ಎರಡನೆಯ ಅಮಾವಾಸ್ಯೆಗೆ ಹೊಸವರ್ಷ. ಆದುದರಿಂದ ಅದು ಜನವರಿ 21 ಮತ್ತು ಫೆಬ್ರವರಿ 20ರ ನಡುವೆ ಅತ್ತಿತ್ತ ಓಡಾಡುತ್ತದೆ. ಹನ್ನೆರಡು ಚಾಂದ್ರ ತಿಂಗಳುಗಳು ಸೌರ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆಯಾಗುವುದರಿಂದ 19 ವರ್ಷಗಳಲ್ಲಿ ಏಳು ಸಲ ಒಂದು ತಿಂಗಳನ್ನು ಹೆಚ್ಚಾಗಿ ಸೇರಿಸಬೇಕಾಗುತ್ತದೆ. ನಾವು ಅದನ್ನು ಅಧಿಕಮಾಸವೆನ್ನುತ್ತೇವೆ. ಯಾವ ಚಾಂದ್ರ ತಿಂಗಳಿನಲ್ಲಿ ಸಂಕ್ರಮಣ ಬರುವುದಿಲ್ಲವೋ ಅದು ಅಧಿಕ ಎಂಬುದು ನಮ್ಮ ನಿಯಮ. ಬಹುಮಟ್ಟಿಗೆ ಅದೇ ನಿಯಮ ಅವರದೂ. ಅವರು ಋತುಗಳನ್ನು ಹಿಡಿದು ಸೂರ್ಯನನ್ನು ಅಳೆಯುತ್ತಾರೆ, ನಾವು ನಕ್ಷತ್ರಗಳನ್ನು ಹಿಡಿದು ಅಳೆಯುತ್ತೇವೆ. ಇದರಿಂದಾಗಿ ಅವರ ಅಧಿಕಮಾಸ ಕಳೆದ ವರ್ಷ ಬಂದು ಹೋಯಿತು, ನಮಗೆ ಈ ವರ್ಷ ಅಧಿಕ ಜ್ಯೇಷ್ಠ ಬರಲಿದೆ.

ಇನ್ನು ಪ್ರಾಣಿಗಳ ವಿಚಾರ. ಇಲಿ, ಎತ್ತು, ಹುಲಿ, ಮೊಲ, ಡ್ರ್ಯಾಗನ್, ಹಾವು, ಕುದುರೆ, ಆಡು, ಮಂಗ, ಹುಂಜ, ನಾಯಿ, ಹಂದಿ ಎಂಬ ಹನ್ನೆರಡು ಹೆಸರುಗಳು ಸರದಿಯಂತೆ ಬರುತ್ತವೆ. ಹನ್ನೆರಡೇ ಏಕೆ? ಆಕಾಶದಲ್ಲಿ ಗುರುಗ್ರಹ ಒಂದು ಸುತ್ತು ಮುಗಿಸಲು ಹಿಡಿಯುವ ಕಾಲ 12 ವರ್ಷಕ್ಕೆ ತುಸು ಕಡಿಮೆ, 11.86 ವರ್ಷ. ಪ್ರಾಚೀನ ಚೀನೀಯರು ಗುರುವನ್ನು ವರ್ಷದ ನಕ್ಷತ್ರವೆಂದೇ ಕರೆದರು. ನಮ್ಮ ಹಿರಿಯರೂ ಗುರು ರಾಶಿಯಿಂದ ರಾಶಿಗೆ ಸರಿಯುವುದನ್ನೇ ನೋಡಿ ವರ್ಷಗಳನ್ನು ಹೆಸರಿಸಿದರು. ಈ ಹನ್ನೆರಡರ ಜೊತೆಗೆ ಚೀನೀಯರಲ್ಲಿ ಹತ್ತು ಹೆಸರುಗಳ ಇನ್ನೊಂದು ಸಾಲುಂಟು. ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳಿಗೆ ಎರಡೆರಡರಂತೆ. ಎರಡೂ ಸಾಲುಗಳನ್ನು ಒಟ್ಟಿಗೆ ತಿರುಗಿಸಿದರೆ ಅದೇ ಜೋಡಿ ಮರಳಿ ಬರುವುದು ಯಾವಾಗ? ಹತ್ತು ಮತ್ತು ಹನ್ನೆರಡರ ಲಘುತಮ ಸಾಮಾನ್ಯ ಅಪವರ್ತ್ಯ ಎಷ್ಟೆಂದು ಮಕ್ಕಳನ್ನು ಕೇಳಿದೆವು. ಅರವತ್ತು ಎಂದು ತರಗತಿಯೇ ಕೂಗಿತು. ಗಣಿತದ ಪಾಠ ಹೀಗೆ ಅನಿರೀಕ್ಷಿತ ಬಾಗಿಲಿನಿಂದ ಒಳಗೆ ಬಂದಾಗ ಅಧ್ಯಾಪಕರಿಗೆ ಆಗುವ ಸಂತೋಷ ಅಧ್ಯಾಪಕರಿಗೇ ಗೊತ್ತು.

ನಮ್ಮ ಸಂವತ್ಸರಗಳೂ ಅರವತ್ತೇ. ಪ್ರಭವದಿಂದ ಅಕ್ಷಯದವರೆಗೆ. ಅವರ ಈಗಿನ ಚಕ್ರ 1984ರಲ್ಲಿ ಇಲಿಯ ವರ್ಷದಿಂದ ಆರಂಭವಾದರೆ ನಮ್ಮದು 1987ರಲ್ಲಿ ಪ್ರಭವದಿಂದ ಆರಂಭವಾಯಿತು. ಮೂರೇ ವರ್ಷಗಳ ಅಂತರ. ವಿಂಧ್ಯದ ಉತ್ತರದವರು ಗುರುವಿನ ನಿಜವಾದ ಗತಿಗೆ ಅನುಸಾರವಾಗಿ ನಡುನಡುವೆ ಒಂದು ಸಂವತ್ಸರವನ್ನು ಬಿಡುವ ಪದ್ಧತಿ ಇಟ್ಟುಕೊಂಡರು; ದಕ್ಷಿಣದವರು ಬಿಡುವುದನ್ನು ನಿಲ್ಲಿಸಿ ಅರವತ್ತು ಹೆಸರುಗಳನ್ನು ನೇರವಾಗಿ ಎಣಿಸುತ್ತ ಬಂದೆವು. ಆದುದರಿಂದ ಒಂದೇ ವರ್ಷಕ್ಕೆ ಕಾಶಿಯ ಪಂಚಾಂಗದಲ್ಲಿ ಒಂದು ಹೆಸರು, ಉಡುಪಿಯ ಪಂಚಾಂಗದಲ್ಲಿ ಇನ್ನೊಂದು.

ನಮ್ಮ ಪಂಚಾಂಗದಲ್ಲಿ ಪ್ರಾಣಿಗಳಿಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ವಧೂವರರ ಜಾತಕ ಕೂಡಿಸುವಾಗ ನೋಡುವ ಯೋನಿಕೂಟದಲ್ಲಿ ಹದಿನಾಲ್ಕು ಪ್ರಾಣಿಗಳುಂಟು. ಉತ್ತರ ಕರ್ನಾಟಕ ಹಾಗೂ ಮಹಾರಾಷ್ಟ್ರದ ಗಡಿಭಾಗದ ರೈತರು ಮಳೆನಕ್ಷತ್ರಗಳಿಗೆ ವಾಹನ ನೋಡುತ್ತಾರೆ: ಕಪ್ಪೆಯೋ ಎಮ್ಮೆಯೋ ಆನೆಯೋ ಬಂದರೆ ಒಳ್ಳೆಯ ಮಳೆ, ಕತ್ತೆಯೋ ನರಿಯೋ ಬಂದರೆ ನಿರಾಸೆ. ಕೇರಳದ ಸಂಪ್ರದಾಯದಲ್ಲಿ ಪ್ರತಿ ಜನ್ಮನಕ್ಷತ್ರಕ್ಕೆ ಒಂದು ಪ್ರಾಣಿಯೂ ಒಂದು ಮರವೂ ಇವೆ. ಅಶ್ವಿನಿಯ ಪ್ರಾಣಿ ಕುದುರೆ, ಅದರ ಮರ ಕಾಞಿರ, ಕನ್ನಡದಲ್ಲಿ ಕಾಸರಕ. ಕಾಸರಗೋಡಿನ ಹೆಸರು ಆ ಮರದಿಂದಲೇ ಬಂದುದೆಂಬ ಒಂದು ಅಭಿಪ್ರಾಯ ಹಿಂದಿನಿಂದಲೂ ಇದೆ. ಕುದುರೆಯ ವರ್ಷದ ವಿಡಿಯೋ ನೋಡಿದ ಮಕ್ಕಳಿಗೆ ನಾವು ಶಾಲೆಯ ಬೇಲಿಯಾಚೆಗಿದ್ದ ಕಾಸರಕವನ್ನು ತೋರಿಸಿದೆವು. (ಬೀಜ ಬಾಯಿಗಿಡಬಾರದು, ವಿಷ ಎಂದು ಮೂರು ಸಲ ಹೇಳಿದ ಮೇಲೆಯೇ.)

ಇಷ್ಟರವರೆಗೆ ಎಣಿಕೆಯ ಮಾತು. ಮುಂದೆ ಫಲದ ಮಾತು.

ಚೀನಾದಲ್ಲಿ ತನ್ನ ಪ್ರಾಣಿಯ ವರ್ಷ ಮರಳಿ ಬಂದರೆ ಅದು ಶುಭವೆಂದು ನಾವು ಊಹಿಸಬಹುದು. ವಾಸ್ತವದಲ್ಲಿ ಅವರು ಅದನ್ನು ಗಂಡಾಂತರದ ವರ್ಷವೆಂದು ಭಾವಿಸಿ ಕೆಂಪು ಬಟ್ಟೆ, ಕೆಂಪು ದಾರ ಧರಿಸುತ್ತಾರೆ. ಸಿಂಗಪುರದಂತಹ ಕಡೆಗಳಲ್ಲಿ ಚೀನೀ ಕುಟುಂಬಗಳು ಡ್ರ್ಯಾಗನ್ ವರ್ಷದಲ್ಲಿ ಮಗು ಹುಟ್ಟಲೆಂದು ಬಯಸುವುದರಿಂದ ಆ ವರ್ಷಗಳಲ್ಲಿ ಜನನದ ಸಂಖ್ಯೆಯೇ ಏರುತ್ತದೆ. ಈ ವರ್ಷದ್ದು ಬರಿಯ ಕುದುರೆಯಲ್ಲ, ಬೆಂಕಿಯ ಕುದುರೆ. ಜಪಾನಿನಲ್ಲಿ ಈ ಜೋಡಿಗೆ ಕೆಟ್ಟ ಹೆಸರು. ಬೆಂಕಿ ಕುದುರೆಯ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ತರುತ್ತಾಳೆಂಬ ನಂಬಿಕೆ ಅಲ್ಲಿ ಬೇರೂರಿತ್ತು. 1965ರಲ್ಲಿ ಜಪಾನಿನಲ್ಲಿ ಸುಮಾರು 18 ಲಕ್ಷ ಶಿಶುಗಳು ಜನಿಸಿದ್ದರೆ 1966ರಲ್ಲಿ ಆ ಸಂಖ್ಯೆ ಸುಮಾರು 13.6 ಲಕ್ಷಕ್ಕೆ ಇಳಿಯಿತು. ಮರುವರ್ಷ ಮತ್ತೆ ಏರಿತು. ರೈಲು, ಕಾರ್ಖಾನೆ, ವಿಶ್ವವಿದ್ಯಾಲಯಗಳಿದ್ದ ದೇಶದಲ್ಲಿ ಒಂದು ಗಾದೆಯಂತಹ ಮಾತಿಗೆ ಹೆದರಿ ಲಕ್ಷಾಂತರ ದಂಪತಿಗಳು ಮಗುವನ್ನು ಮುಂದೂಡಿದರು.

ನಮಗೆ ಹೆಚ್ಚು ಆಶ್ಚರ್ಯವೆನಿಸಿದ ಸಂಗತಿ ಬೇರೆಯದು. ಜಪಾನ್ 1873ರಲ್ಲಿಯೇ ಹಳೆಯ ಪಂಚಾಂಗವನ್ನು ಬಿಟ್ಟು ಪಾಶ್ಚಾತ್ಯ ಕ್ಯಾಲೆಂಡರನ್ನು ಸ್ವೀಕರಿಸಿತ್ತು. ಅಲ್ಲಿ ಹೊಸವರ್ಷವೆಂದರೆ ಜನವರಿ 1. ಚಾಂದ್ರ ತಿಂಗಳು, ಅಧಿಕಮಾಸ ಎಲ್ಲವೂ ಜನಜೀವನದಿಂದ ಹಿಂದೆ ಸರಿದವು. ಪ್ರಾಣಿ ಮಾತ್ರ ಉಳಿಯಿತು. ಎಣಿಕೆ ಹೋಯಿತು, ಹೆದರಿಕೆ ನಿಂತಿತು.

ಇದನ್ನು ಓದಿ ಜಪಾನೀಯರನ್ನು ನೋಡಿ ನಗುವ ಸ್ಥಿತಿಯಲ್ಲಿ ನಾವಿಲ್ಲ. ಮೂಲಾ ನಕ್ಷತ್ರದ ಹುಡುಗಿ ಮಾವನಿಗಾಗದು, ಆಶ್ಲೇಷಾದವಳು ಅತ್ತೆಗಾಗದು ಎಂಬ ಮಾತು ಮಂಜೇಶ್ವರದಿಂದ ಹೊಸದುರ್ಗದವರೆಗೆ ಕನ್ನಡ, ತುಳು, ಮಲಯಾಳ, ಕೊಂಕಣಿ ಎಲ್ಲ ಭಾಷೆಗಳಲ್ಲಿಯೂ ಕೇಳಸಿಗುತ್ತದೆ. ಕುಜದೋಷಕ್ಕೆ ಮಲಯಾಳದಲ್ಲಿ ಚೊವ್ವಾದೋಷವೆಂದು ಹೆಸರು. ಹೆಸರು ಬದಲಾದರೆ ಹುಡುಗಿಯ ಪಾಡು ಬದಲಾಗದು. ನಮ್ಮಲ್ಲಿ ಕಲಿತು, ಮುಂದೆ ಸ್ವತಃ ಅಧ್ಯಾಪಿಕೆಯಾದ ಒಬ್ಬಳಿಗೆ ಮೂಲಾ ನಕ್ಷತ್ರವೆಂಬ ಒಂದೇ ಕಾರಣಕ್ಕೆ ಮೂರು ಸಂಬಂಧಗಳು ತಪ್ಪಿದ್ದನ್ನು ನಾವು ಬಲ್ಲೆವು. ಅವಳ ಜಾತಕ ಹಿಂದಿರುಗಿಸಿದವರಲ್ಲಿ ಒಬ್ಬರಿಗೂ ಮೂಲಾ ನಕ್ಷತ್ರ ಆಕಾಶದಲ್ಲಿ ಎಲ್ಲಿದೆಯೆಂದು ತೋರಿಸಲು ಬರುತ್ತಿರಲಿಲ್ಲ ಎಂದು ಅವಳೇ ನಗುತ್ತ ಹೇಳಿದ್ದಳು. ಮಕ್ಕಳ ಮುಂದೆ ಹೇಳದೆ ಉಳಿಸಿಕೊಂಡ ಮಾತುಗಳಲ್ಲಿ ಇದು ಒಂದು.

ಯುಗಾದಿಯ ಪಂಚಾಂಗಶ್ರವಣದಲ್ಲಿಯೂ ಫಲವುಂಟು. ಆದರೆ ಅದರ ಸೂತ್ರ ಗುಟ್ಟಿನದಲ್ಲ. ಚೈತ್ರ ಶುದ್ಧ ಪಾಡ್ಯ ಯಾವ ವಾರವೋ ಆ ವಾರದ ಗ್ರಹವೇ ವರ್ಷದ ರಾಜ. ಈ ಬಾರಿ ಯುಗಾದಿ ಮಾರ್ಚ್ 19, ಗುರುವಾರ. ಆದುದರಿಂದ ರಾಜ ಗುರು. ಮೇಷ ಸಂಕ್ರಮಣದ ವಾರದಿಂದ ಮಂತ್ರಿ. ಹೀಗೆ ಸಸ್ಯಕ್ಕೊಬ್ಬ, ಮೇಘಕ್ಕೊಬ್ಬ ಅಧಿಪತಿ. ಒಮ್ಮೆ ಸೂತ್ರ ತಿಳಿದ ಮಗು ಮುಂದಿನ ವರ್ಷದ ರಾಜನನ್ನು ತಾನೇ ಹೇಳುತ್ತದೆ, ಆಮೇಲೆ ರಾಜನಿಗೆ ಹೆದರುವುದಿಲ್ಲ. ನಮ್ಮ ತರಗತಿಯಲ್ಲಿ ಆದದ್ದೂ ಅದೇ.

ಆ ದಿನದಿಂದ ಆರಂಭವಾಗುವ ಸಂವತ್ಸರದ ಹೆಸರು ಪರಾಭವ. ಹೆಸರು ಕೇಳಿದೊಡನೆ ಕೆಲವರು ಮುಖ ಸಣ್ಣದು ಮಾಡಿಕೊಂಡರು. ಸೋಲಿನ ವರ್ಷವೇ ಎಂದು ಕೇಳಿದರು. ಇದೇ ಪರಾಭವ ಹಿಂದೆ ಬಂದದ್ದು 1966ರಲ್ಲಿ. ಜಪಾನಿನ ಬೆಂಕಿ ಕುದುರೆಯ ವರ್ಷವೂ ಅದೇ ಎಂಬುದನ್ನು ಓದುಗರು ಗಮನಿಸಿರಬಹುದು. ಆ ವರ್ಷದ ಅಕ್ಟೋಬರದಲ್ಲಿ ಕೇಂದ್ರ ಸರಕಾರ ನ್ಯಾಯಮೂರ್ತಿ ಮೆಹರಚಂದ ಮಹಾಜನರ ಆಯೋಗವನ್ನು ನೇಮಿಸಿತು. 1956ರ ನವೆಂಬರ್ 1ರಂದು, ದುರ್ಮುಖಿ ಸಂವತ್ಸರದಲ್ಲಿ, ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಿಗೆ ಹತ್ತು ವರ್ಷಗಳ ಬಳಿಕ ದೊಡ್ಡ ಭರವಸೆ ಮೂಡಿದ್ದು ಪರಾಭವದಲ್ಲಿ. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಬೇಕೆಂಬ ಶಿಫಾರಸು ಬಂದದ್ದು 1967ರ ಆಗಸ್ಟಿನಲ್ಲಿ, ಆಗ ನಡೆಯುತ್ತಿದ್ದುದು ಪ್ಲವಂಗ. ಪ್ಲವಂಗವೆಂದರೆ ಕೋತಿ. ಆ ವರದಿ ಅಂದಿನಿಂದ ಮೇಜಿನಿಂದ ಮೇಜಿಗೆ ಜಿಗಿಯುತ್ತಿರುವುದನ್ನು ನೋಡಿದರೆ ಹೆಸರಿಗೆ ಫಲವಿದೆಯೆಂದು ಯಾರಾದರೂ ಹೇಳಿಯಾರು. ಆದರೆ ಜಿಗಿಸಿದವರು ಮನುಷ್ಯರು. ಸಂವತ್ಸರದ ಮೇಲೆ ಆರೋಪ ಹೊರಿಸುವುದು ಅವರಿಗೆ ಅನುಕೂಲವಾದೀತು, ನಮಗಲ್ಲ.

ಹಾಗಾದರೆ ಈ ಹೆಸರುಗಳಿಂದ ಪ್ರಯೋಜನವೇನು? ಮಂಜೇಶ್ವರದ ಗೋವಿಂದ ಪೈಗಳು ಕಾಲನಿರ್ಣಯದ ಕೆಲಸದಲ್ಲಿ ಬಹುಕಾಲ ದುಡಿದವರು. ಶಾಸನವೊಂದು ಶಕವರ್ಷವನ್ನೂ ಸಂವತ್ಸರದ ಹೆಸರನ್ನೂ ಒಟ್ಟಿಗೆ ಹೇಳಿದರೆ ಒಂದು ಇನ್ನೊಂದಕ್ಕೆ ಸಾಕ್ಷಿಯಾಗುತ್ತದೆ. ಎರಡೂ ಹೊಂದದಿದ್ದರೆ ಎಲ್ಲಿಯೋ ದೋಷವಿದೆಯೆಂದು ಸಂಶೋಧಕನು ಎಚ್ಚರವಾಗುತ್ತಾನೆ. ಶಾಸನದವರೆಗೆ ಹೋಗುವುದೂ ಬೇಡ. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದ ಕನ್ನಡ ಕಾಗದಪತ್ರಗಳು ನಮ್ಮ ಅನೇಕ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಇವೆ. ಕೆಲವು ವರ್ಷಗಳ ಹಿಂದೆ ನೆರೆಯ ಮನೆಯವರೊಬ್ಬರು ಒಂದು ಮೂಲಗೇಣಿ ಚೀಟಿಯನ್ನು ತಂದು ನಮ್ಮಿಂದ ಓದಿಸಿದರು. ತಾರೀಕಿನ ಅಂಕೆಗಳಿದ್ದ ಮೂಲೆಯನ್ನು ಗೆದ್ದಲು ತಿಂದಿತ್ತು. ಉಳಿದದ್ದು "ಪರಾಭವ ಸಂವತ್ಸರದ" ಎಂಬಷ್ಟೇ. 1966 ಆಗಿರಲು ಸಾಧ್ಯವಿಲ್ಲ, ಛಾಪಾ ಕಾಗದದ ಮೇಲೆ ಬ್ರಿಟಿಷ್ ದೊರೆಯ ಚಿತ್ರವಿತ್ತು. ಅರವತ್ತು ಕಳೆದೆವು, 1906 ಸಿಕ್ಕಿತು. ಆ ಮನೆಯ ಮಕ್ಕಳಲ್ಲಿ ಇಬ್ಬರು ಎಂಜಿನಿಯರರು. ಕನ್ನಡ ಅಕ್ಷರ ಓದಲು ಬರುವವರು ಅಜ್ಜ ಒಬ್ಬರೇ, ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಒಂದೇ ಹೊಸವರ್ಷ ಎಂದೂ ಇರಲಿಲ್ಲ. ಕೊಂಕಣಿಗರಿಗೆ ಸಂಸಾರ ಪಾಡ್ವೊ, ತುಳುವರಿಗೂ ಮಲಯಾಳಿಗರಿಗೂ ಏಪ್ರಿಲ್ ನಡುವಿನ ಬಿಸು ಅಥವಾ ವಿಷು, ಕೊಲ್ಲವರ್ಷಕ್ಕೆ ಚಿಂಗ ತಿಂಗಳು, ಮುಸ್ಲಿಮರಿಗೆ ಮುಹರ್ರಮ್. ಸರಕಾರಿ ರಜೆ ವಿಷುವಿಗೆ ಇದೆ, ಚಾಂದ್ರಮಾನ ಯುಗಾದಿಗೆ ಇಲ್ಲ. ರಜೆಯ ಬೇಡಿಕೆ ನ್ಯಾಯವಾದದ್ದೇ. ಆದರೆ ರಜೆ ಸಿಕ್ಕಿದರೂ ಆ ದಿನ ಮಗುವಿನ ಕೈಯಲ್ಲಿ ಬಣ್ಣದ ವಿಡಿಯೋದ ಭವಿಷ್ಯವಷ್ಟೇ ಇದ್ದರೆ, ಜಪಾನಿಗೆ ಆದದ್ದೇ ನಮಗೂ ಆಯಿತೆನ್ನಬೇಕು.

ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆವು. ಮನೆಯ ಹಿರಿಯರು ಹುಟ್ಟಿದ ಸಂವತ್ಸರವನ್ನು ಕೇಳಿ ಬರೆಯಿರಿ; ಗೊತ್ತಿಲ್ಲವೆಂದರೆ ಇಸವಿ ಕೇಳಿ ನೀವೇ ಎಣಿಸಿರಿ. ತಮ್ಮದು ನಂದನವೋ ವಿಜಯವೋ ಎಂದು ಮೊದಲು ಕಂಡುಕೊಂಡರು. ಪಗ್ಗು, ಬೇಶ, ಕಾರ್ತೆಲ್ ಎಂದು ತುಳು ತಿಂಗಳುಗಳನ್ನೂ ಕೆಲವರು ಬರೆದು ತಂದರು. ಡ್ರ್ಯಾಗನ್‌ನವರಿಗೆ ಎಚ್ಚರಿಕೆ ಹೇಳಿದ್ದ ಹುಡುಗಿ ತಂದದ್ದು ಅಜ್ಜಿಯ ಹಳೆಯ ಜಾತಕದ ಹಾಳೆ. ಪರಾಭವ ಸಂವತ್ಸರ, ಸಿಂಹ ಮಾಸ. ಆಧಾರಿನಲ್ಲಿ ಅಜ್ಜಿಯ ಹುಟ್ಟುದಿನ ಜನವರಿ 1 ಎಂದಿದೆಯಂತೆ, ನಮ್ಮೂರಿನ ಎಷ್ಟೋ ಅಜ್ಜಿಯಂದಿರಂತೆ.

"ಹಾಗಾದರೆ ಈ ಸೋಣ ತಿಂಗಳಿನಲ್ಲಿ ಅಜ್ಜಿಗೆ ಸರಿಯಾಗಿ ಅರವತ್ತು ತುಂಬುತ್ತದೆ ಟೀಚರ್" ಎಂದಳು. "ಅಜ್ಜಿಗೆ ಗೊತ್ತೇ ಇರಲಿಲ್ಲ."