ಮುಖ್ಯಮಂತ್ರಿ ಆದ ಸಿವಿಲ್ ಇಂಜಿನಿಯರ್

"ಇಂಜಿನಿಯರಿಂಗ್ ಮುಗಿಸಿ ಏನ್ ಮಾಡ್ತೀಯಾ?" ಅಂತ ಕೇಳಿದ್ರೆ ನಮ್ಮಲ್ಲಿ ಯಾರೂ "ರಾಜಕೀಯ" ಅನ್ನಲ್ಲ. ಅದಕ್ಕೇ ಈ ಸಲ ಗಡಿಯಾಚೆಯ ಒಬ್ಬ ಸಿವಿಲ್ ಇಂಜಿನಿಯರ್ ಬಗ್ಗೆ ಬರೆಯೋಣ ಅಂದುಕೊಂಡೆವು. ಹೆಸರು ಸಯ್ಯದ್ ಮುರಾದ್ ಅಲಿ ಶಾ, ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ರಾಜಕಾರಣಿ.

1962ರಲ್ಲಿ ಕರಾಚಿಯಲ್ಲಿ ಹುಟ್ಟಿದ ಇವರು ಅಲ್ಲಿನ ಎನ್‌ಇಡಿ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಓದಿ, ಸ್ಟ್ಯಾನ್‌ಫರ್ಡ್‌ನಲ್ಲಿ ಎರಡು ಸ್ನಾತಕೋತ್ತರ ಪದವಿ ಪಡೆದರು. ನೀರು-ವಿದ್ಯುತ್ ಪ್ರಾಧಿಕಾರದಲ್ಲಿ, ಬಂದರಿನಲ್ಲಿ ಇಂಜಿನಿಯರ್ ಆಗಿದ್ದು, ಆಮೇಲೆ ಬ್ಯಾಂಕ್ ಕೆಲಸಕ್ಕೆ ಹಾರಿದರು (ಕೋರ್ ಬಿಟ್ಟು ಫೈನಾನ್ಸ್‌ಗೆ ಹೋಗೋದು ನಮ್ಮ ಕ್ಯಾಂಪಸ್‌ನ ರೋಗ ಮಾತ್ರ ಅಲ್ಲ ನೋಡಿ). ಹಾಗಂತ ಇದು ಸ್ವಂತ ಬಲದ ಕಥೆ ಅಂದುಕೊಳ್ಳಬೇಡಿ. ತಂದೆ ಅಬ್ದುಲ್ಲಾ ಶಾ 1993ರಿಂದ 1996ರವರೆಗೆ ಅದೇ ಸಿಂಧ್‌ನ ಮುಖ್ಯಮಂತ್ರಿ. ಪಕ್ಷವೂ ಅದೇ, ಪಾಕಿಸ್ತಾನ್ ಪೀಪಲ್ಸ್ ಪಾರ್ಟಿ. ಡಿಗ್ರಿ ಎಷ್ಟಿದ್ದರೂ ಬಾಗಿಲು ತೆರೆದದ್ದು ಮನೆತನ ಅಂತಲೇ ನಮ್ಮ ಅನಿಸಿಕೆ.

2002ರಲ್ಲಿ ಪ್ರಾಂತೀಯ ವಿಧಾನಸಭೆಗೆ ಬಂದರು. ನೀರಾವರಿ, ಹಣಕಾಸು ಖಾತೆ ನೋಡಿಕೊಂಡರು. ನಡುವೆ ಕೆನಡಾ ಪೌರತ್ವದ ತಕರಾರಿನಿಂದ ಸದಸ್ಯತ್ವಕ್ಕೇ ಕುತ್ತು ಬಂದು, ಉಪಚುನಾವಣೆ ಗೆದ್ದು ಮರಳಬೇಕಾಯಿತು. 2016ರ ಜುಲೈನಲ್ಲಿ ವಯೋವೃದ್ಧ ಕಾಯಂ ಅಲಿ ಶಾ ಅವರ ಜಾಗಕ್ಕೆ ಮುಖ್ಯಮಂತ್ರಿಯಾದರು. 2018ರಲ್ಲಿ ಮತ್ತೆ, 2024ರಲ್ಲಿ ಮೂರನೇ ಸಲ.

ಪ್ರಾಂತ್ಯದ ಮುಖ್ಯಮಂತ್ರಿಗೆ ಅಲ್ಲಿ ಎಷ್ಟು ಅಧಿಕಾರ? 2010ರ 18ನೇ ತಿದ್ದುಪಡಿ ಪಾಕಿಸ್ತಾನದ ಸಂವಿಧಾನದಿಂದ ಸಮವರ್ತಿ ಪಟ್ಟಿಯನ್ನೇ ತೆಗೆದುಹಾಕಿತು. ನಮ್ಮಲ್ಲಿ ಆ ಪಟ್ಟಿ ಇನ್ನೂ ಇದೆ. ಅಲ್ಲಿ ಆರೋಗ್ಯ, ಶಿಕ್ಷಣ ಬಹುಪಾಲು ಪ್ರಾಂತ್ಯಗಳ ಕೈಗೆ ಹೋದವು. 2020ರ ಮಾರ್ಚ್‌ನಲ್ಲಿ ಪ್ರಧಾನಿ ಇಮ್ರಾನ್ ಖಾನ್ ಪೂರ್ತಿ ಲಾಕ್‌ಡೌನ್ ಬೇಡ ಎನ್ನುತ್ತಿದ್ದಾಗಲೇ ಸಿಂಧ್ ಬಾಗಿಲು ಹಾಕಿಕೊಂಡದ್ದು ಇದೇ ಬಲದ ಮೇಲೆ. ಆದರೆ ಅಧಿಕಾರ ಬಂದರೆ ಬೈಗುಳವೂ ಬರುತ್ತೆ. ಅದೇ ವರ್ಷ ಆಗಸ್ಟ್‌ನ ಮಳೆಗೆ ಕರಾಚಿ ಮುಳುಗಿದಾಗ ಜನ ಹಿಡಿದು ಕೇಳಿದ್ದು ಇವರ ಸರ್ಕಾರವನ್ನೇ. ನೂರಿಯಾಬಾದ್ ವಿದ್ಯುತ್ ಯೋಜನೆ ವಿಚಾರದಲ್ಲಿ ಭ್ರಷ್ಟಾಚಾರದ ಮೊಕದ್ದಮೆಯೂ ಬಿತ್ತು; ಅವರು ಆರೋಪ ಅಲ್ಲಗಳೆದರು.

ನಮ್ಮನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು 2022ರ ಸೆಪ್ಟೆಂಬರ್. ಇವರ ಕ್ಷೇತ್ರ ಸೆಹ್ವಾನ್. ಪಕ್ಕದಲ್ಲೇ ಮಂಚರ್ ಸರೋವರ, ಪಾಕಿಸ್ತಾನದ ಅತಿ ದೊಡ್ಡ ಸಿಹಿನೀರಿನ ಕೆರೆಗಳಲ್ಲೊಂದು, ಆದರೆ ತಟ್ಟೆಯಂತೆ ಆಳವಿಲ್ಲದ್ದು. ಪಶ್ಚಿಮದ ಕೀರ್ತರ್ ಬೆಟ್ಟಗಳ ಹಳ್ಳಗಳು, ಉತ್ತರದಿಂದ ಬರುವ ನಾರಾ ಕಣಿವೆಯ ಕಾಲುವೆ ಎರಡೂ ಇದಕ್ಕೇ ಬೀಳುತ್ತವೆ. ಹೆಚ್ಚಾದ ನೀರು ಸೆಹ್ವಾನ್ ಬಳಿ ಸಿಂಧೂ ನದಿಗೆ ಹೋಗಬೇಕು. ಹೈಡ್ರಾಲಿಕ್ಸ್ ಓದಿದವರಿಗೆ ಸಮಸ್ಯೆ ಹೊಳೆದಿರುತ್ತೆ: ನದಿಯ ಮಟ್ಟವೇ ಮೇಲಿದ್ದರೆ ಕೆರೆ ಖಾಲಿಯಾಗೋದು ಹೇಗೆ? ಆ ವರ್ಷ ನದಿಯೂ ತುಂಬಿತ್ತು, ಮೇಲಿನ ಜಿಲ್ಲೆಗಳ ನೆರೆಯೂ ಇಲ್ಲಿಗೇ ಇಳಿಯುತ್ತಿತ್ತು. ಏರಿ ತಾನಾಗಿ ಎಲ್ಲೋ ಒಡೆದರೆ ಸೆಹ್ವಾನ್, ಭಾನ್ ಸಯೀದಾಬಾದ್‌ನಂಥ ಜನನಿಬಿಡ ಪಟ್ಟಣಗಳಿಗೆ ಅಪಾಯ.

ಸೆಪ್ಟೆಂಬರ್ 4ರಂದು ಏರಿಯನ್ನು ಬೇಕಂತಲೇ ಕಡಿದರು. ನೀರು ನುಗ್ಗಿದ್ದು ಸೆಹ್ವಾನ್ ತಾಲ್ಲೂಕಿನ ಹಳ್ಳಿಗಳಿಗೆ, ಅಂದರೆ ಮುಖ್ಯಮಂತ್ರಿಯ ಸ್ವಂತ ಮತದಾರರ ಮನೆ-ಹೊಲಗಳಿಗೆ. ಸುಮಾರು ಒಂದು ಲಕ್ಷ ಜನ ಮನೆ ಬಿಡಬೇಕಾಯಿತು. ಒಂದು ಕಡೆ ಕಡಿದದ್ದು ಸಾಲದೆ ಮುಂದಿನ ದಿನಗಳಲ್ಲಿ ಇನ್ನಷ್ಟು ಕಡೆ ಕಡಿದರು.

ನಮ್ಮ ಲೆಕ್ಕದ ಪುಸ್ತಕದಲ್ಲಿ ಇದು ಹೆಡ್ ಮತ್ತು ಡಿಸ್ಚಾರ್ಜ್‌ನ ಪ್ರಶ್ನೆ. ಆದರೆ ಏರಿಯನ್ನು ಯಾವ ಕಡೆ ಕಡಿಯಬೇಕು ಅನ್ನೋದಕ್ಕೆ ಆ ಸೂತ್ರ ಅರ್ಧ ಉತ್ತರ ಮಾತ್ರ ಕೊಡುತ್ತೆ. ಉಳಿದರ್ಧವನ್ನು ಯಾರೋ ಸಹಿ ಹಾಕಿ ಹೇಳಬೇಕು, ಆಮೇಲೆ ಆ ಹಳ್ಳಿಗಳಿಗೇ ವೋಟು ಕೇಳಲು ಹೋಗಬೇಕು. 2024ರಲ್ಲಿ ಮುರಾದ್ ಶಾ ಹೋದರು, ಗೆದ್ದರು. ಸಿಂಧ್‌ನಲ್ಲಿ 2008ರಿಂದ ಇವರ ಪಕ್ಷ ಬಿಟ್ಟು ಬೇರೆ ಸರ್ಕಾರವೇ ಚುನಾಯಿತವಾಗಿಲ್ಲ, ಆದ್ದರಿಂದ ಆ ಗೆಲುವನ್ನು ಕ್ಷಮೆ ಅಂತ ಓದೋದು ಕಷ್ಟ.